ನಮ್ಮ ಓಣಿಯ ಅಪ್ರೋರ್

ನಮ್ಮ ಮನೆಯಲ್ಲಿ ಇದ್ದದ್ದರಲ್ಲಿ ಒಳ್ಳೆಯ ಕೋಣೆ ಮೂರು ಟೈಪ್‌ರೈಟರ್‌ಗಳ ಪಾಲಿಗೆ ಹೋಗಿತ್ತು. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಂಡಿದ್ದೆವು. ಸಿರುಗುಪ್ಪದ ಆ ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿದ್ದವು. ರಸ್ತೆ ಕಡೆಯ ಪಡಸಾಲೆಗೆ ಮಾತ್ರ ಎರಡು ಕಿಟಕಿ, ಒಂದು ಫ್ಯಾನು. ಅಲ್ಲಿ ಅಪ್ಪ ಟೈಪಿಂಗ್ ಕಲಿಸುತ್ತಿದ್ದ. ಅದರ ಹಿಂದೆ ನಡುಮನೆ. ಊಟ, ನಿದ್ದೆ, ನನ್ನ ಓದು, ಅಜ್ಜಿಯ ಜಪ ಎಲ್ಲ ಅಲ್ಲೇ. ಅದರ ಹಿಂದೆ ಅಡುಗೆಮನೆ, ಬಚ್ಚಲು, ಮಾಳಿಗೆಗೆ ಹತ್ತಲು ಒಂದು ಕಬ್ಬಿಣದ ಏಣಿ. ಬೆಳಿಗ್ಗೆ ರಾರಾವಿ ಕಡೆಯಿಂದ ಮೊದಲ ಬಸ್ಸಿಗೆ ಬರುವ ಹುಡುಗರು ಯಂತ್ರಗಳ ಮುಂದೆ ಕೂತರೆಂದರೆ ಆಲಿಕಲ್ಲು ಬಿದ್ದ ಹಾಗೆ ಸದ್ದು ಶುರುವಾಗುತ್ತಿತ್ತು. ಅಜ್ಜಿ ಅದರ ನಡುವೆಯೇ ದೇವರ ಪೂಜೆ ಮುಗಿಸುತ್ತಿದ್ದಳು. ಒಮ್ಮೆ ಯಂತ್ರಗಳು ಕೆಟ್ಟು ಎರಡು ದಿನ ಸುಮ್ಮನಿದ್ದಾಗ, ಮಂತ್ರ ಅರ್ಧಕ್ಕೆ ಮರೆಯುತ್ತಿದೆ ಎಂದು ಅವಳು ಕಂಗಾಲಾಗಿದ್ದಳು. ಯಂತ್ರಗಳಿಗೆ ಅವ್ವ ತನ್ನ ಹಳೆಯ ಸೀರೆಯಲ್ಲಿ ಮೂರು ಗವುಸು ಹೊಲಿದಿದ್ದಳು. ಅದೇ ಸೀರೆಯಲ್ಲಿ ಉಳಿದ ಬಟ್ಟೆಯಿಂದ ನನಗೊಂದು ಫ್ರಾಕು ಆಗಿತ್ತು. ಅದನ್ನು ಹಾಕಿಕೊಂಡು ನಾನು ಪಡಸಾಲೆಗೆ ಹೋದರೆ ವಿದ್ಯಾರ್ಥಿಗಳು ನನ್ನನ್ನು ನಾಲ್ಕನೇ ಮಷಿನ್ ಎಂದು ಕರೆಯುತ್ತಿದ್ದರು.

ಮಧ್ಯಾಹ್ನ ಪಾಠವಿಲ್ಲದ ಹೊತ್ತಿನಲ್ಲಿ ಅಪ್ಪ ಅರ್ಜಿ ಟೈಪ್ ಮಾಡಿಕೊಡುತ್ತಿದ್ದ. ಹೊಲದ ಅಳತೆ, ಮಗನ ಟಿ.ಸಿ., ವಿಧವೆಯರ ಪಿಂಚಣಿ, ಕಾಲುವೆಯ ನೀರು. ಕನ್ನಡದಲ್ಲಿ ಬರೆದರೆ ಆಗುವಂಥ ಅರ್ಜಿಗಳೇ ಎಲ್ಲವೂ. ಆದರೆ ಅಪ್ಪನಿಗೆ ಒಂದು ನಂಬಿಕೆಯಿತ್ತು. ಕನ್ನಡದ ಅರ್ಜಿ ಸಾಹೇಬರ ಮೇಜಿನ ಮೇಲೆ ಹಾರಿಹೋಗುವಷ್ಟು ಹಗುರ, ಇಂಗ್ಲಿಷಿನದು ಕೂತಲ್ಲೇ ಕೂರುವಷ್ಟು ಭಾರ ಎಂದು. ಬಂದವರಿಗೂ ಅದೇ ನಂಬಿಕೆ. ಟೈಪಾದ ಹಾಳೆಯನ್ನು ಅವರು ತಿರುಗಿಸಿ ಮುರುಗಿಸಿ ನೋಡಿ, ಒಂದಕ್ಷರವೂ ತಿಳಿಯದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದು ಸಮಾಧಾನಪಟ್ಟು ಹೋಗುತ್ತಿದ್ದರು.

ಅಪ್ಪನ ಇಂಗ್ಲಿಷಿನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಯಾವ ಇಂಗ್ಲಿಷ್ ಪದವನ್ನಾದರೂ ತೆಂಗಿನಕಾಯಿಯ ಹಾಗೆ ಎರಡು ಹೋಳು ಮಾಡಬಹುದು, ಮಾಡಿದರೆ ಅರ್ಥ ಒಳಗೇ ಸಿಗುತ್ತದೆ ಎಂದು ಅವನು ತಿಳಿದಿದ್ದ. ಊಟಕ್ಕೆ ಕೂತಾಗ ನನ್ನ ತಾಟಿಗೆ ಮೊದಲ ರೊಟ್ಟಿ ಬೀಳುವ ಮುಂಚೆ ಒಂದು ಪದ ಒಡೆಯಬೇಕು. ಅದು ನಮ್ಮ ಮನೆಯ ನೇಮ. ಅಂಡರ್ ಅಂದರೆ ಕೆಳಗೆ, ಸ್ಟ್ಯಾಂಡ್ ಅಂದರೆ ನಿಲ್ಲು. ಗುರುವಿನ ಕೆಳಗೆ ನಿಂತವನಿಗೆ ಮಾತ್ರ ವಿದ್ಯೆ ತಿಳಿಯುತ್ತದೆ, ಆದ್ದರಿಂದ ಅಂಡರ್‌ಸ್ಟ್ಯಾಂಡ್. ಬಟರ್ ಅಂದರೆ ಬೆಣ್ಣೆ, ಫ್ಲೈ ಅಂದರೆ ನೊಣ. ಬೆಣ್ಣೆಯಷ್ಟು ಮೆತ್ತಗಿರುವ ನೊಣವೇ ಚಿಟ್ಟೆ. ಅಜ್ಜಿ ಆದೋನಿ ಕಡೆಯವಳು, ತೆಲುಗು ಕಲೆಸಿ ಮಾತಾಡುವವಳು. ಅವಳು ಇದನ್ನೆಲ್ಲ ತುಂಬ ಗಂಭೀರವಾಗಿ ಕೇಳುತ್ತಿದ್ದಳು. ಒಂದು ದಿನ ಹಸ್ಬೆಂಡ್ ಬಂತು.

"ಬ್ಯಾಂಡ್ ಅಂದ್ರ ಮದುವ್ಯಾಗ ಬಾರಸ್ತಾರಲ್ಲ, ಅದು," ಎಂದ ಅಪ್ಪ. "ಹಸ್ ಅಂದ್ರ..."

"ಹಸದಾಗ," ಎಂದಳು ಅವ್ವ, ರೊಟ್ಟಿ ಬಡಿಯುತ್ತಲೇ. "ಹಸದಾಗ ಬಾರ್ಸೋದು."

ಅಪ್ಪನೂ ನಕ್ಕ. ಆದರೆ ಆ ಪದವನ್ನು ಮತ್ತೆ ಒಡೆಯಲಿಲ್ಲ.

ಅವ್ವ ಕುರುಗೋಡಿನವಳು. ಮಾತು ಕಡಿಮೆ. ಸಿಟ್ಟು ಬಂದರೆ ಇನ್ನೂ ಕಡಿಮೆ. ಅಜ್ಜಿಗೆ ಸಿಟ್ಟು ಬಂದರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು; ಅವ್ವನಿಗೆ ಬಂದರೆ ನಡುಮನೆಯಲ್ಲಿ ಲೋಟ ಇಡುವ ಸದ್ದೂ ನಿಂತುಹೋಗುತ್ತಿತ್ತು. ನಾನು ಆಗ ಐದನೇ ಇಯತ್ತೆ. ಆ ಬೇಸಿಗೆಯಲ್ಲಿ ಕುರುಗೋಡಿನಲ್ಲಿ ಅವ್ವನ ತಂಗಿಯ ಮದುವೆ ಗೊತ್ತಾಗಿತ್ತು. ಮದುವೆಗೆ ಸಂಡಿಗೆ ಮಾಡಿಕೊಡುವ ಜವಾಬ್ದಾರಿಯನ್ನು ಅವ್ವ ತಾನೇ ಕೇಳಿ ತೆಗೆದುಕೊಂಡಳು. ಸಿರುಗುಪ್ಪ ಅಕ್ಕಿಯ ಊರು, ಅಲ್ಲಿಂದ ಬರುವ ಸಂಡಿಗೆ ಹೂವಿನ ಹಾಗಿರುತ್ತದೆ ಎಂದು ತವರಿನಲ್ಲಿ ಹೇಳಿಬಿಟ್ಟಿದ್ದಳು. ತವರಿನಲ್ಲಿ ಹೇಳಿದ ಮಾತು ನಿಲ್ಲಬೇಕಲ್ಲ. ಬೆಳಕು ಹರಿಯುತ್ತಲೇ ಎದ್ದು ದೊಡ್ಡ ಪಾತ್ರೆಯಲ್ಲಿ ಅಕ್ಕಿಹಿಟ್ಟು, ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ತಿರುವಲು ಕೂರುತ್ತಿದ್ದಳು. ಎದುರು ಮನೆಯ ಮೆಹಬೂಬ್‌ಬೀ, ಪಕ್ಕದ ಮನೆಯ ಈರಮ್ಮ ಕೈ ಸೇರಿಸುತ್ತಿದ್ದರು. ಅವರಿಬ್ಬರ ಗಂಡಂದಿರೂ ನಮ್ಮ ಓಣಿಯ ಹಿಂದಿದ್ದ ಅಕ್ಕಿ ಗಿರಣಿಯಲ್ಲಿ ಹಮಾಲರು. ಬಿಸಿಲೇರುವ ಮೊದಲು ಎಲ್ಲ ಮಾಳಿಗೆಗಳ ಮೇಲೂ ಬಿಳಿ ಪಂಚೆ ಹಾಸಿ, ಅದರ ಮೇಲೆ ಸಾಲುಸಾಲಾಗಿ ಸಂಡಿಗೆ ಇಡುತ್ತಿದ್ದರು. ನನ್ನ ಕೆಲಸ ಕಾಗೆ ಓಡಿಸುವುದು.

ಕಾಗೆಯನ್ನು ಓಡಿಸಬಹುದಿತ್ತು. ಬೂದಿಯನ್ನು ಓಡಿಸುವುದು ಹೇಗೆ? ಭತ್ತ ಕುದಿಸುವ ಬಾಯ್ಲರಿಗೆ ಆ ಗಿರಣಿಯಲ್ಲಿ ಹೊಟ್ಟು ಸುಡುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಚಿಮಣಿಯಿಂದ ಕರಿ ಬೂದಿ ಎದ್ದು, ಗಾಳಿ ಎತ್ತ ಬೀಸುತ್ತದೋ ಅತ್ತ ಉದುರುತ್ತಿತ್ತು. ಆ ವರ್ಷ ಗಾಳಿ ನಮ್ಮ ಓಣಿಯನ್ನೇ ಆರಿಸಿಕೊಂಡಿತ್ತು. ಮೂರು ದಿನದ ಸಂಡಿಗೆಯ ಮೇಲೆಲ್ಲ ಕರಿಚುಕ್ಕೆ. ಹಸಿ ಇದ್ದಾಗ ಬಿದ್ದ ಬೂದಿ ಒಣಗಿದ ಮೇಲೆ ಒಳಗೇ ಕೂತುಬಿಡುತ್ತದೆ. ತೊಳೆಯುವ ಹಾಗಿಲ್ಲ, ಒರೆಸುವ ಹಾಗಿಲ್ಲ. ಓಣಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಗಿರಣಿಯ ಸಾವ್ಕಾರನ ಎದುರು ಹಮಾಲರ ಮನೆಯವರು ಏನೆಂದು ಮಾತಾಡುವುದು? ಹೆಂಗಸರು ಕೆಳದನಿಯಲ್ಲಿ ಗೊಣಗಿ, ಪಂಚೆ ಕೊಡವಿ, ಮರುದಿನ ಮತ್ತೆ ಹಿಟ್ಟು ತಿರುವುತ್ತಿದ್ದರು. ನಾಲ್ಕನೇ ದಿನ ಅವ್ವ ಏಣಿ ಇಳಿದು ನೇರವಾಗಿ ಪಡಸಾಲೆಗೆ ಬಂದಳು. ಅವಳು ಅಲ್ಲಿಗೆ ಬರುವುದೇ ಅಪರೂಪ.

"ಒಂದು ಅರ್ಜಿ ಬರೀರಿ," ಎಂದಳು.

"ಯಾರದು?"

"ನಮ್ಮದ. ಸಂಡಿಗಿ ಮ್ಯಾಲ ಬೂದಿ ಬೀಳಾಕತ್ತೈತಿ, ಚಿಮಣಿಗೆ ಏನರ ಅಡ್ಡ ಕಟ್ಟಸ್ರಿ ಅಂತ ಬರೀರಿ. ಕನ್ನಡದಾಗ ಬರೀರಿ. ಮುಗೀತು."

ಅಪ್ಪ ಕನ್ನಡಕ ತೆಗೆದು ಒರೆಸಿದ. "ಹಂಗ ಬರದ್ರ ಸಾಹೇಬ್ರು ಓದಿ ನಕ್ಕು ಬದಿಗಿಡ್ತಾರ. ಸಂಡಿಗಿ ಅಂತ ಯಾರರ ಅರ್ಜಿ ಕೊಡ್ತಾರೇನು? ಇದು ಸಾರ್ವಜನಿಕ ಸಮಸ್ಯಾ. ಇದಕ್ಕ ತೂಕದ ಮಾತು ಬೇಕು."

"ನಿಮ್ಮ ಇಂಗ್ಲಿಷ್‌ನಾಗ ಸಂಡಿಗಿಗೆ ಏನಂತಾರ?"

ಅಪ್ಪ ಉತ್ತರ ಕೊಡಲಿಲ್ಲ. ಅವ್ವ ಸ್ವಲ್ಪ ಹೊತ್ತು ಕಾದು ಒಳಗೆ ಹೋದಳು. ಅವತ್ತಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಬೇಕಾದದ್ದನ್ನು ನನ್ನ ಮೂಲಕ ಕೇಳುತ್ತಿದ್ದರು. ಒಂದೇ ಕೋಣೆಯಲ್ಲಿ ಎರಡು ಮೊಳ ದೂರದಲ್ಲಿ ಕೂತವರ ನಡುವೆ ನಾನು "ಅವ್ವ, ಅಪ್ಪಗ ಇನ್ನೊಂದೀಟು ಸಾರು ಬೇಕಂತ" ಎಂದೂ, "ಅಪ್ಪ, ಅವ್ವ ಸಾರು ಆತು ಅನ್ನಾಕತ್ತಾಳ" ಎಂದೂ ಹೇಳುತ್ತ ಊಟ ಮಾಡಬೇಕಾಯಿತು.

ಅಪ್ಪ ಮಾತ್ರ ಆ ಪ್ರಶ್ನೆಯನ್ನು ಬಿಡಲಿಲ್ಲ. ಒಂದು ಇಡೀ ದಿನ ಯೋಚಿಸಿದ. ನನಗೆ ಆಗಲೇ ಹತ್ತೂ ಬೆರಳಿನಿಂದ ಟೈಪ್ ಮಾಡಲು ಕಲಿಸಿದ್ದ. ಅರ್ಜಿಯನ್ನು ಅವನು ಹೇಳುತ್ತ ಹೋದ, ನಾನು ಹೊಡೆಯುತ್ತ ಹೋದೆ. ಆ ಇಂಗ್ಲಿಷನ್ನು ಈಗ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಮಾನ್ಯರೇ, ನಮ್ಮ ಬೀದಿಯಲ್ಲಿ ಪ್ರತಿದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೇಲಿನಿಂದ ಕಪ್ಪು ವಸ್ತುಗಳು ಸಾರ್ವಜನಿಕರ ಮೇಲೆ ಬೀಳುತ್ತಿದ್ದು, ಗೃಹಸ್ಥರ ಬಿಳಿಯ ವಸ್ತುಗಳಿಗೆ ಭಾರಿ ಹಾನಿಯಾಗುತ್ತಿದೆ. ಈ ಕಾರಣದಿಂದ ಇಡೀ ಬೀದಿಯಲ್ಲಿ ದೊಡ್ಡ ಅಪ್ರೋರ್ ಎದ್ದಿದೆ." ಗಿರಣಿಯ ಹೆಸರಿಲ್ಲ, ಬೂದಿ ಇಲ್ಲ, ಸಂಡಿಗೆ ಇಲ್ಲ. ಆದರೆ ಅಪ್ಪನ ಮುಖ ಹಬ್ಬದ ದಿನದ ಹಾಗಿತ್ತು.

"ಅಪ್ರೋರ್ ಅಂದ್ರೇನಪ್ಪ?" ಎಂದೆ.

"ಒಡದು ನೋಡು. ಅಪ್ ಅಂದ್ರ ಮ್ಯಾಲ. ರೋರ್ ಅಂದ್ರ ಗರ್ಜನೆ, ಸಿಂಹ ಮಾಡ್ತೈತಲ್ಲ. ಜನರ ಸಿಟ್ಟು ಗರ್ಜನೆ ಆಗಿ ಮ್ಯಾಲ ಏಳತೈತಿ. ಅದಕ್ಕ ಅಪ್ರೋರ್."

"ನಮ್ಮ ಓಣ್ಯಾಗ ಯಾರು ಗರ್ಜನೆ ಮಾಡ್ಯಾರ?"

"ಮನಸಿನಾಗ ಮಾಡ್ಯಾರ. ನೀ ಹೊಡಿ."

ಹೊಡೆದೆ. ಅರ್ಜಿ ಒಂದು ಕಚೇರಿಗೆ ಹೋಯಿತು. ಯಾವುದೆಂದು ಈಗ ಹೇಳುವುದು ಬೇಡ. ಅಲ್ಲಿಗೆ ಹೊಸದಾಗಿ ಬಂದಿದ್ದ ಸಾಹೇಬರು ಅದನ್ನು ಎರಡು ಸಲ ಓದಿದರಂತೆ. ಅಪ್ರೋರ್ ಎಂದರೆ ಏನು ನೋಡಿ ಎಂದು ಗುಮಾಸ್ತನಿಗೆ ಹೇಳಿದರಂತೆ. ಅವನು ಕಚೇರಿಯ ಹಳೆಯ ನಿಘಂಟು ತೆಗೆದು, ಮೊದಲು ಕಂಡ ಎರಡು ಮಾತು ಓದಿದನಂತೆ: ದಂಗೆ, ಗಲಭೆ. ಸಾಹೇಬರಿಗೆ ಚಿತ್ರ ಪೂರ್ತಿಯಾಯಿತು. ಒಂದು ಬೀದಿ, ದಂಗೆ ಎದ್ದ ಜನ, ಮೇಲಿನಿಂದ ಬೀಳುವ ಕಪ್ಪು ವಸ್ತುಗಳು, ದಿನಾ ಹನ್ನೊಂದು ಗಂಟೆಗೆ ಸರಿಯಾಗಿ. ಅವರು ಫೋನ್ ಎತ್ತಿದರು. ಇದೆಲ್ಲ ನಮಗೆ ಆಮೇಲೆ ಆ ಗುಮಾಸ್ತನಿಂದಲೇ ಗೊತ್ತಾಯಿತು. ಅವನು ಅಪ್ಪನ ಹಳೆಯ ವಿದ್ಯಾರ್ಥಿ.

ಮರುದಿನ ಹತ್ತೂವರೆಗೆ ನಮ್ಮ ಓಣಿಗೆ ಪೊಲೀಸ್ ಜೀಪು ಬಂತು. ಒಬ್ಬರು ಸಬ್‌ಇನ್‌ಸ್ಪೆಕ್ಟರ್, ನಾಲ್ವರು ಕಾನ್‌ಸ್ಟೇಬಲ್‌ಗಳು. ನಾಲ್ವರ ಕೈಯಲ್ಲೂ ಲಾಠಿ, ತಲೆಯ ಮೇಲೆ ಕಲ್ಲು ಬಿದ್ದರೆ ತಡೆಯುವ ಟೊಪ್ಪಿಗೆ. ಅವರು ಇಳಿದು ನಿಂತರು. ಓಣಿಯಲ್ಲಿ ಒಂದು ಎಮ್ಮೆ ಮಲಗಿತ್ತು. ಅಜ್ಜಿ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಾಳಿಗೆಗಳ ಮೇಲೆ ಹೆಂಗಸರು ಸಂಡಿಗೆ ಇಡುತ್ತಿದ್ದರು. ಸಬ್‌ಇನ್‌ಸ್ಪೆಕ್ಟರ್ ಮೈಸೂರು ಕಡೆಯವರು, ಎತ್ತರದ ಆಳು, ಸಣ್ಣ ದನಿ.

"ಎಲ್ರೀ ಗಲಾಟೆ?" ಎಂದು ಅವರು ಅಜ್ಜಿಯನ್ನು ಕೇಳಿದರು.

"ಮುಗದೈತಿ ನಾಯ್ನಾ," ಎಂದಳು ಅಜ್ಜಿ. ಅವಳು ಬೆಳಿಗ್ಗೆ ಹಾಲಿನವನ ಜೊತೆ ಆಡಿದ ಜಗಳ ನೆನೆಸಿಕೊಂಡಿದ್ದಳು. "ನಾಳಿಂದ ನೀರು ಹಾಕಂಗಿಲ್ಲ ಅಂದಾನ. ನೀವು ಬರ್ರಿ, ಕುಂದರ್ರಿ."

ಒಳಗೆ ಅಪ್ಪ ಟೈಪಿಂಗ್ ಪರೀಕ್ಷೆಯ ಪಾಠ ಮಾಡುತ್ತಿದ್ದವನು ಎದ್ದು ಬಂದ. ಜೀಪು ನೋಡಿ ಅವನಿಗೆ ಮೊದಲು ಆದದ್ದು ಹೆಮ್ಮೆ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅರ್ಜಿ ಕೊಟ್ಟ ಎರಡೇ ದಿನಕ್ಕೆ ಸರ್ಕಾರ ಮನೆ ಬಾಗಿಲಿಗೆ ಬಂದಿತ್ತು. ಇಂಗ್ಲಿಷಿನ ತೂಕ ಅದು. ಸಬ್‌ಇನ್‌ಸ್ಪೆಕ್ಟರು ಹಾಳೆ ತೆಗೆದು ಬಿಡಿಸಿದರು.

"ಇದನ್ನ ಬರೆದೋರು ನೀವೇನ್ರೀ?"

"ಹೌದ್ರಿ ಸಾರ್."

"ಇಡೀ ಬೀದೀಲಿ ದಂಗೆ ಎದ್ದಿದೆ ಅಂತ ಬರೆದಿದ್ದೀರಿ. ಕಪ್ಪು ವಸ್ತು ಎಸೀತಿದ್ದಾರೆ ಅಂತ. ಎಸೀತಿರೋರು ಯಾರು?"

"ದಂಗಿ ಅಲ್ರಿ ಸಾರ್, ಅಪ್ರೋರ್," ಎಂದ ಅಪ್ಪ. ಅವನ ದನಿಯಲ್ಲಿ ಪಾಠ ಹೇಳುವ ಉಮೇದು ಬಂತು. "ಅಪ್ ಅಂದ್ರ ಮ್ಯಾಲ್ರಿ. ರೋರ್ ಅಂದ್ರ ಗರ್ಜನೆ."

"ಯಾರ ಗರ್ಜನೆ? ಕೇಳಿಸಿ ನೋಡೋಣ."

ಎಮ್ಮೆ ಕಿವಿ ಆಡಿಸಿತು. ಮಾಳಿಗೆಯ ಮೇಲಿನ ಹೆಂಗಸರು ಸೆರಗು ಹೊದ್ದು ಅಂಚಿಗೆ ಬಂದು ಕೆಳಗೆ ನೋಡುತ್ತ ನಿಂತಿದ್ದರು. ಪಡಸಾಲೆಯ ಬಾಗಿಲಲ್ಲಿ ವಿದ್ಯಾರ್ಥಿಗಳು ಗುಂಪಾಗಿದ್ದರು. ಸಬ್‌ಇನ್‌ಸ್ಪೆಕ್ಟರು ಅಪ್ಪನ ಪಕ್ಕ ನಿಂತಿದ್ದ ನನ್ನನ್ನು ನೋಡಿ, ಮಕ್ಕಳು ಸುಳ್ಳು ಹೇಳುವುದಿಲ್ಲ ಅಂದುಕೊಂಡರೋ ಏನೋ, ಬಗ್ಗಿ ಕೇಳಿದರು.

"ಪುಟ್ಟಿ, ನೀನು ಹೇಳಮ್ಮ. ಈ ಬೀದೀಲಿ ಯಾರಾದ್ರೂ ಕೂಗಾಡಿದ್ರಾ?"

ನನಗೆ ಖರೆ ಹೇಳಬೇಕೆಂದು ಕಲಿಸಿದವನು ಅಪ್ಪನೇ. "ಇಲ್ರಿ," ಎಂದೆ. "ನಮ್ಮ ಓಣ್ಯಾಗ ಕೂಗಾಡೋದು ನಮ್ಮಜ್ಜಿ ಒಬ್ಬಾಕಿನ್ರಿ."

ವಿದ್ಯಾರ್ಥಿಗಳು ನಕ್ಕರು. ಒಬ್ಬ ಕಾನ್‌ಸ್ಟೇಬಲ್ ಮುಖ ಆಚೆ ತಿರುಗಿಸಿದ. ಸಬ್‌ಇನ್‌ಸ್ಪೆಕ್ಟರು ನಗಲಿಲ್ಲ. ನೆಟ್ಟಗೆ ನಿಂತು ಅಪ್ಪನಿಗೆ ಹೇಳಿದರು:

"ನೋಡಿ ಮೇಷ್ಟ್ರೇ, ನಾನು ಒಂದು ರಿಪೋರ್ಟ್ ಬರೀಬೇಕು. ಗಲಾಟೆ ಇದೆ ಅಂದ್ರೆ ಯಾರನ್ನ ಕರ್ಕೊಂಡು ಹೋಗ್ಲಿ, ಹೆಸರು ಹೇಳಿ. ಇಲ್ಲ ಅಂದ್ರೆ ಸರ್ಕಾರಕ್ಕೆ ಸುಳ್ಳು ಬರೆದಿದ್ದೀರಿ. ಆಗ ನೀವೇ ಜೀಪು ಹತ್ತಬೇಕಾಗತ್ತೆ. ಎರಡರಲ್ಲಿ ಯಾವುದು?"

ಅಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. ಗಲಭೆ ಇದೆ ಎಂದರೆ ಈರಮ್ಮನ ಮನೆಯವರ ಹೆಸರೋ ಮೆಹಬೂಬ್‌ಬೀಯ ಮನೆಯವರ ಹೆಸರೋ ಹೇಳಬೇಕು. ಇಲ್ಲವೆಂದರೆ ತನ್ನ ವಿದ್ಯಾರ್ಥಿಗಳ ಎದುರು ಜೀಪು ಹತ್ತಬೇಕು. ಅವನ ಅಂಗಿಯ ಬೆನ್ನು ಒದ್ದೆಯಾದದ್ದು ನನಗೆ ಕಂಡಿತು. ನಾನು ಹೇಳಿದ ಖರೆ ಮಾತಿನಿಂದ ಅಪ್ಪ ಸಿಕ್ಕಿಬಿದ್ದ ಎಂದು ನನಗೆ ಅರ್ಥವಾಯಿತು.

ಆಗ ಏಣಿಯ ಸದ್ದು ಕೇಳಿಸಿತು. ಅವ್ವ ಇಳಿದು, ನಡುಮನೆ ದಾಟಿ, ಪಡಸಾಲೆಯ ಹುಡುಗರನ್ನು ಸರಿಸಿಕೊಂಡು ಹೊರಗೆ ಬಂದಳು. ಅವಳ ಕೈಯಲ್ಲಿ ನಾಲ್ಕೂ ಮೂಲೆ ಹಿಡಿದ ಬಿಳಿ ಪಂಚೆ. ಗಂಡಸರು ನಿಂತ ಕಡೆಗೆ ಹೋಗದವಳು ಅಂದು ಅಪ್ಪನ ಕಡೆಗೂ ನೋಡದೆ, ಸಬ್‌ಇನ್‌ಸ್ಪೆಕ್ಟರ ಕಡೆಗೂ ನೋಡದೆ ಜೀಪಿನ ಬಳಿಗೆ ಹೋಗಿ, ಅದರ ಮೂತಿಯ ಮೇಲೆ ಪಂಚೆ ಹಾಸಿದಳು. ನಿನ್ನೆಯ ಸಂಡಿಗೆ. ಬೆಳ್ಳಗಿರಬೇಕಾದದ್ದು ಚಿರತೆಯ ಮೈಯ ಹಾಗಿತ್ತು. ಒಂದನ್ನು ಎತ್ತಿ ಸಬ್‌ಇನ್‌ಸ್ಪೆಕ್ಟರಿಗೆ ಕೊಟ್ಟಳು.

"ತಿನ್ರಿ."

ಅವರು ಅದನ್ನು ಹಿಡಿದು ತಿರುಗಿಸಿ ನೋಡಿದರು. "ಏನಮ್ಮ ಇದು ಕರಿ?"

"ಬೂದಿ."

"ಎಲ್ಲಿಂದ ಬಂತು?"

ಅವ್ವ ಮಾತಾಡಲಿಲ್ಲ, ಕೈ ಎತ್ತಿ ತೋರಿಸಲೂ ಇಲ್ಲ. ಆಗ ಎದುರಿನ ಬಾಗಿಲಿನಿಂದ ಮೆಹಬೂಬ್‌ಬೀ ಬಂದಳು. ಅವಳ ಕೈಯಲ್ಲೊಂದು ಪಂಚೆ. ಅದನ್ನು ಜೀಪಿನ ಹಿಂದಿನ ಸೀಟಿನ ಮೇಲೆ ಹಾಸಿದಳು. ಈರಮ್ಮ ಬಂದು ಚಕ್ರದ ಮುಂದೆ ನೆಲಕ್ಕೇ ಹಾಸಿದಳು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಹೆಂಗಸರು ಇಳಿದರು. ಹತ್ತು ನಿಮಿಷದಲ್ಲಿ ಜೀಪಿನ ಮೇಲೆ ಬೆರಳಿಡಲು ಜಾಗ ಉಳಿಯಲಿಲ್ಲ. ಒಬ್ಬರೂ ಕೂಗಲಿಲ್ಲ. ಯಾರ ಗಂಡ ಯಾವ ಗಿರಣಿಯಲ್ಲಿ ದುಡಿಯುತ್ತಾನೆ ಎಂಬುದು ಅಂದು ಯಾರಿಗೂ ನೆನಪಾದಂತೆ ಕಾಣಲಿಲ್ಲ. ಅಜ್ಜಿಯೊಬ್ಬಳೇ ಏನೋ ಹೇಳಲು ಬಾಯಿ ತೆರೆದಳು. ಅವ್ವ ಅವಳ ಕಡೆ ಒಂದು ಸಲ ನೋಡಿದಳು. ಅಜ್ಜಿ ಬಾಯಿ ಮುಚ್ಚಿದಳು. ನನ್ನ ತಿಳಿವಳಿಕೆಯಲ್ಲಿ ಅದು ಮೊದಲ ಸಲ.

ಸರಿಯಾಗಿ ಆ ಹೊತ್ತಿಗೆ ಹನ್ನೊಂದಾಯಿತು. ಗಿರಣಿಯಲ್ಲಿ ಬಾಯ್ಲರ್ ಉಸಿರು ಬಿಟ್ಟಿತು. ಗಾಳಿ ನಮ್ಮ ಕಡೆಗೇ ಇತ್ತು. ಮೊದಲು ಕೆಲವು ಚೂರು, ಆಮೇಲೆ ಧಾರಾಳವಾಗಿ ಕರಿ ಬೂದಿ ಇಳಿಯಿತು. ಸಂಡಿಗೆಯ ಮೇಲೆ, ಎಮ್ಮೆಯ ಮೇಲೆ, ನಾಲ್ವರು ಕಾನ್‌ಸ್ಟೇಬಲ್‌ಗಳ ಹೆಗಲ ಮೇಲೆ, ಸಬ್‌ಇನ್‌ಸ್ಪೆಕ್ಟರ ಕೈಯಲ್ಲಿದ್ದ ಅರ್ಜಿಯ ಮೇಲೆ. ಅವರು ಬಿಳಿ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು ಅದನ್ನು ಬಿಡಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ಚಿಮಣಿ ನೋಡಿದರು. ಬರೆಯುವ ಕಾನ್‌ಸ್ಟೇಬಲ್ ಪುಸ್ತಕ ಹಿಡಿದು ಪಕ್ಕಕ್ಕೆ ಬಂದ.

"ಏನು ಬರೀಲ್ರಿ ಸಾರ್?"

"ಗಲಾಟೆ ಇಲ್ಲ. ಬೂದಿ ಇದೆ. ಅಷ್ಟು ಬರಿ."

"ಇಂಗ್ಲಿಷ್‌ನಾಗೇನ್ರಿ?"

"ಬೇಡಪ್ಪಾ," ಎಂದರು ಸಬ್‌ಇನ್‌ಸ್ಪೆಕ್ಟರು. "ಕನ್ನಡದಲ್ಲಿ ಬರಿ."

ಪಂಚೆಗಳನ್ನೆಲ್ಲ ಎತ್ತಿ ಜೀಪಿಗೆ ದಾರಿ ಬಿಡಲು ಅರ್ಧ ಗಂಟೆ ಹಿಡಿಯಿತು. ಕಾನ್‌ಸ್ಟೇಬಲ್‌ಗಳೂ ಕೈ ಹಚ್ಚಿದರು. ಅಜ್ಜಿ ಅವರಿಗೆಲ್ಲ ಮಜ್ಜಿಗೆ ಕೊಟ್ಟಳು; ಮಜ್ಜಿಗೆಯಲ್ಲೂ ಎರಡು ಚುಕ್ಕೆ ಇತ್ತು. ಆ ಎರಡು ಮಾತಿನ ವರದಿಯ ಮೇಲೆ ಒಂದು ವಾರಕ್ಕೆ ಯಾರೋ ಬಂದು ಚಿಮಣಿ ನೋಡಿಹೋದರು. ಮಳೆಗಾಲ ಕಳೆಯುವ ಹೊತ್ತಿಗೆ ಅದರ ಬಾಯಿಗೊಂದು ತಂತಿಯ ಜಾಳಿಗೆ ಬಂತು. ಬೂದಿ ಪೂರ್ತಿ ನಿಲ್ಲಲಿಲ್ಲ, ಅರ್ಧ ಕಡಿಮೆಯಾಯಿತು. ಸಾವ್ಕಾರ ಹಮಾಲರ ಮೇಲೆ ಎರಡು ದಿನ ಹಾರಾಡಿದ. ಇಡೀ ಓಣಿಯ ಹಮಾಲರನ್ನು ಒಟ್ಟಿಗೆ ಬಿಡಿಸಿದರೆ ಮೂಟೆ ಹೊರುವವರಿಲ್ಲ ಎಂದು ತಿಳಿದು ಸುಮ್ಮನಾದ.

ಮದುವೆಗೆ ಮಾತ್ರ ಜಾಳಿಗೆ ತಡವಾಯಿತು. ಚುಕ್ಕೆಯ ಸಂಡಿಗೆಯನ್ನೇ ಎರಡು ಬುಟ್ಟಿ ತುಂಬಿಕೊಂಡು ನಾವು ಕುರುಗೋಡಿಗೆ ಬಸ್ಸು ಹತ್ತಿದೆವು. ಅವ್ವ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ಸಂಡಿಗೆ ಎತ್ತಿ ಬೆಳಕಿಗೆ ಹಿಡಿದು, "ಇದಕ್ಕ ಕರಿ ಎಳ್ಳು ಹಾಕೀರೇನು?" ಎಂದು ಕೇಳಿದಳು. ಅಜ್ಜಿ ಪಕ್ಕದಿಂದಲೇ, "ಹೌದವ್ವ, ನಮ್ಮ ಸಿರುಗುಪ್ಪದಾಗ ಹಂಗ ಮಾಡ್ತಾರ. ಪಿತ್ತಕ್ಕ ಭಾಳ ಛಲೋ," ಎಂದಳು. ಆ ಹೆಂಗಸು ಇನ್ನೆರಡು ಹಾಕಿಸಿಕೊಂಡಳು. ಮುಂದಿನ ವರ್ಷಗಳಲ್ಲಿ ಕುರುಗೋಡಿನ ನಾಲ್ಕಾರು ಮನೆಗಳಲ್ಲಿ ಸಂಡಿಗೆಗೆ ಎಳ್ಳು ಹಾಕುವ ಪದ್ಧತಿ ಶುರುವಾಯಿತೆಂದು ಚಿಕ್ಕವ್ವ ಈಗಲೂ ಹೇಳುತ್ತಾಳೆ.

ಅಪ್ಪನಿಗೆ ಓಣಿಯಲ್ಲಿ ಅಪ್ರೋರ್ ಮೇಷ್ಟ್ರು ಎಂಬ ಹೆಸರು ನಿಂತಿತು. ಹಾಸ್ಯಕ್ಕೆ ಇಟ್ಟದ್ದಾದರೂ ಅದರಲ್ಲಿ ಪ್ರೀತಿಯಿತ್ತು. ಆದರೆ ಅಪ್ಪನಿಗೆ ಅದು ಬಹಳ ದಿನ ಚುಚ್ಚಿತು. ಊಟಕ್ಕೆ ಕೂತಾಗ ಪದ ಒಡೆಯುವುದನ್ನು ಬಿಟ್ಟ. ಮನೆಯಲ್ಲಿ ಇಬ್ಬರು ಸುಮ್ಮನಾದ ಹಾಗಾಯಿತು. ಒಂದು ದಿನ ಬಳ್ಳಾರಿಗೆ ಹೋದವನು ಒಂದು ಇಂಗ್ಲಿಷ್-ಕನ್ನಡ ನಿಘಂಟು ತಂದು ನನ್ನ ಮುಂದಿಟ್ಟ. "ಇನ್ನ ಮ್ಯಾಲ ಒಡಿಯೋದು ನಾ, ನೋಡೋದು ನೀ," ಎಂದ. ಹಾಗೆ ನಾನು ನಮ್ಮ ಮನೆಯ ಪರೀಕ್ಷಕಳಾದೆ. ಅವನು ಒಡೆದ ಹತ್ತು ಪದಗಳಲ್ಲಿ ಏಳನ್ನು ನಾನು ಅಲ್ಲಗಳೆಯುತ್ತಿದ್ದೆ. ಅವನು ಏಳಕ್ಕೂ ವಾದ ಹೂಡುತ್ತಿದ್ದ. ರೊಟ್ಟಿ ಆರುತ್ತಿತ್ತು. ನಾನು ಇವತ್ತು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿರುವುದಕ್ಕೆ ಆ ಆರಿದ ರೊಟ್ಟಿಗಳೇ ಕಾರಣ. ಅರ್ಜಿಗಳನ್ನೂ ಅಪ್ಪ ಬದಲಾಯಿಸಿದ. ಬಂದವರನ್ನು ಮೊದಲು ಅವ್ವನ ಮುಂದೆ ಕೂರಿಸಿ ಕಷ್ಟ ಹೇಳಿಸುತ್ತಿದ್ದ. ಅವ್ವ ಅದನ್ನು ಎರಡು ಮಾತಿನಲ್ಲಿ ಹೇಳಿದರೆ ಅಷ್ಟನ್ನೇ ಕೈಬರಹದ ಕನ್ನಡದಲ್ಲಿ ಬರೆದುಕೊಡುತ್ತಿದ್ದ. ಅಂಥ ಅರ್ಜಿ ನೋಡಿ, ಇಷ್ಟೇ ಏನು ಎಂದು ಮುಖ ಸಣ್ಣ ಮಾಡಿದವರಿಗೆ ಮಾತ್ರ ಕೆಳಗೊಂದು ಸಾಲು ಇಂಗ್ಲಿಷು ಹಾಕಿಕೊಡುತ್ತಿದ್ದ.

ಅಪ್ಪ ತಂದ ಆ ನಿಘಂಟಿನಲ್ಲಿ ಪದದ ಅರ್ಥವಿತ್ತು, ಹುಟ್ಟು ಇರಲಿಲ್ಲ. ಅದು ನನಗೆ ಸಿಕ್ಕಿದ್ದು ಕಳೆದ ವರ್ಷ. ತರಗತಿಯಲ್ಲಿ ಒಂದು ಹುಡುಗಿ ಪತ್ರಿಕೆಯ ಸಾಲೊಂದನ್ನು ತೋರಿಸಿ, "ಮಿಸ್, ಅಪ್ರೋರ್ ಅಂದ್ರೇನ್ರಿ?" ಎಂದಳು. ಜನರ ಸಿಟ್ಟಿನ ಗದ್ದಲ ಎಂದು ಹೇಳಿ, ಅಪ್ ಅಂದರೆ ಮೇಲೆ ಎಂದು ಶುರುಮಾಡಿದವಳು ಅಲ್ಲಿಗೇ ನಿಂತೆ. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಆ ಪದ ಇಂಗ್ಲಿಷರದೇ ಅಲ್ಲ. ಡಚ್ಚರಿಂದ ಬಂದದ್ದು. ಅಲ್ಲಿ ಅದರ ಅರ್ಥ ದಂಗೆ, ಬಂಡಾಯ. ಮೊದಲರ್ಧ ಮೇಲೆ ಎಂಬುದೇ ಸರಿ. ಎರಡನೆಯದು ಮಾತ್ರ ಗರ್ಜನೆಯಲ್ಲ, ಅಲುಗಾಡಿಸುವುದು, ಕಲಕುವುದು. ಪಾತ್ರೆಯಲ್ಲಿ ಸೌಟು ಹಾಕಿ ತಿರುವುವುದಕ್ಕೂ ಅವರು ಆ ಮಾತನ್ನೇ ಬಳಸುತ್ತಾರಂತೆ. ಇಂಗ್ಲಿಷರು ಅದನ್ನು ತಂದುಕೊಂಡಾಗ ಕಿವಿಗೆ ರೋರ್ ಎಂದು ಕೇಳಿಸಿ, ಒಳಗೆ ಗರ್ಜನೆಯಿದೆ ಎಂದು ತಿಳಿದು, ಬರುಬರುತ್ತ ಅರ್ಥವನ್ನೇ ಗದ್ದಲದ ಕಡೆಗೆ ತಿರುಗಿಸಿಬಿಟ್ಟರು. ಅಂದರೆ ನಮ್ಮಪ್ಪ ಪಡಸಾಲೆಯಲ್ಲಿ ಮಾಡಿದ ತಪ್ಪನ್ನು ಒಂದು ಇಡೀ ದೇಶ ಅವನಿಗಿಂತ ಮೊದಲೇ ಮಾಡಿತ್ತು.

ಅಪ್ಪ ಅವ್ವ ಈಗ ಬಳ್ಳಾರಿಯಲ್ಲಿ ನನ್ನ ಜೊತೆಗೇ ಇದ್ದಾರೆ. ಸಂಜೆ ಚಹಾದ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಕಪ್ಪು ಕೆಳಗಿಟ್ಟು ಕೇಳಿದ. ಅವ್ವ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದಳು.

"ಅಂದ್ರ ಅದರಾಗ ಗರ್ಜನೆ ಇಲ್ಲ," ಎಂದ ಅಪ್ಪ.

"ಇಲ್ಲಪ್ಪ."

"ಬಾಯಿ ಮಾಡೋ ಕೆಲಸನ ಅಲ್ಲ ಅದು."

"ಅಲ್ಲ. ತಳದಾಗಿದ್ದದ್ದನ್ನ ತಿರುವಿ ಮ್ಯಾಲ ತರೋದು."

ಅಪ್ಪ ಉಳಿದ ಚಹಾ ಕುಡಿದು ಮುಗಿಸಿದ. ಆಮೇಲೆ ಅವ್ವನ ಕಡೆ ತಿರುಗಿದ.

"ಹಂಗಾದ್ರ ನಾ ಅರ್ಜಿ ಬರದ ದಿನ ಅದು ಸುಳ್ಳ ಇತ್ತು. ನೀ ಪಂಚಿ ಹಿಡ್ಕೊಂಡು ಇಳದಿ ನೋಡು, ಆಗ ಖರೇ ಆತು."

ಅವ್ವನ ಕೈ ನಿಂತಿತು. ಅವಳ ಮುಖದಲ್ಲಿ ಏನೋ ಸಡಿಲವಾದದ್ದು ನನಗೆ ಕಂಡಿತು. ಇಷ್ಟು ವರ್ಷ ಅವಳು ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ.

"ಇದನ್ನ ಆಗ ಅನ್ನಬೇಕಿತ್ತು," ಎಂದಳು. "ಆಗ ಮಾತು ಬಿಟ್ಟು ಕುಂತಿದ್ರಿ."

"ಮಾತು ಬಿಟ್ಟಾಕಿ ನೀನು."

"ನಾನ್ಯಾಕ ಬಿಡ್ಲಿ? ಸಂಡಿಗಿಗೆ ಏನಂತಾರ ಅಂತ ಕೇಳಿದ್ನಿ. ಉತ್ತರ ಕೊಟ್ರೇನು ನೀವು?"

"ಯೋಚನಿ ಮಾಡಾಕತ್ತಿದ್ನಿ. ಯೋಚನಿ ಮಾಡೋದು ಮಾತು ಬಿಟ್ಟಂಗೇನು?"

"ಹನ್ನೊಂದು ದಿನ ಯೋಚನಿ ಮಾಡ್ತಾರೇನು?"

ಹನ್ನೊಂದೋ ಒಂಬತ್ತೋ ಎಂಬಲ್ಲಿಗೆ ಅಪ್ಪನ ದನಿ ಏರಿತು. ಕಡಿಮೆ ಮಾತಿನ ಅವ್ವನ ದನಿ ಅದಕ್ಕಿಂತ ಮೇಲೆ ಹೋಯಿತು. ಸಾರು ಯಾರು ಕೇಳಿದರು, ಯಾರು ಇಲ್ಲವೆಂದರು, ಎಲ್ಲ ಒಂದೊಂದಾಗಿ ಹೊರಗೆ ಬಂತು. ಸಾಕ್ಷಿಗೆ ನನ್ನನ್ನು ಇಬ್ಬರೂ ಕರೆದರು. ಹಿಂದೊಮ್ಮೆ ಖರೆ ಹೇಳಿ ಆದದ್ದು ಸಾಕೆಂದು ನಾನು ಎದ್ದು ಕಿಟಕಿ ಮುಚ್ಚಲು ಹೋದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ನಿಂತಿದ್ದಳು.

"ಏನ್ರಿ ಮೇಡಂ, ಏನರ ಗಲಾಟೇನ್ರಿ?"

"ಏನಿಲ್ರಿ," ಎಂದೆ. "ಒಂದು ಪದದ ಅರ್ಥ ನೋಡಾಕತ್ತಾರ."